ಎಡಗಡೆಯ ಕಪ್ಪು ಅಂಚು

ಉಗುರುಬಣ್ಣದ ಘಾಟು ಮೂಗಿಗೆ ಬಡಿದರೆ ಅವಳಿಗೆ ಅಕ್ಕನ ನೆನಪು. ಚಿಕ್ಕಂದಿನಲ್ಲಿ ಅಕ್ಕ ಅಮ್ಮನ ಕಣ್ಣು ತಪ್ಪಿಸಿ ಬಣ್ಣ ಹಚ್ಚಿಕೊಳ್ಳುವಾಗ, ತಂಗಿಯ ಕಿರುಬೆರಳಿಗೂ ಒಂದು ತೊಟ್ಟು ಬಳಿದು ಬಾಯಿ ಮುಚ್ಚಿಸುತ್ತಿದ್ದಳು. ಪ್ರಯೋಗಾಲಯದ ಬೆಳ್ಳಿ ಅಂಟಿಗೂ ಅದೇ ಘಾಟು. ಗಾಜಿನ ಮೇಲೆ ಕೂರಿಸಿದ ತೆಳು ಚಿನ್ನದ ಪದರಕ್ಕೆ ತಂತಿ ಹಿಡಿಸಲು ಆ ತಂಗಿ ಈಗ ದಿನವೂ ಅದನ್ನು ಹಚ್ಚುತ್ತಾಳೆ.

ಆಮೇಲಿನ ಕೆಲಸ ಸೂಕ್ಷ್ಮದರ್ಶಕದ್ದು. ಲೋಹ ಲೇಪಿಸಿದ, ಕಣ್ಣಿಗೆ ಕಾಣದಷ್ಟು ಚೂಪಾದ ಮೊನೆ ಪದರವನ್ನು ಸವರುತ್ತ ಹೋಗುತ್ತದೆ. ಕರೆಂಟ್ ಹರಿದಲ್ಲಿ ಪರದೆ ಬೆಳಗುತ್ತದೆ, ಹರಿಯದ ಕಡೆ ಕಪ್ಪಾಗುತ್ತದೆ. ಅವಳ ಚಿತ್ರಗಳಲ್ಲಿ ಚಿನ್ನದ ಪ್ರತಿ ಕಣಕ್ಕೂ ಒಂದು ಕಪ್ಪು ಅಂಚು. ಕರೆಂಟ್ ತಡೆಯುವುದು ಅಲ್ಲೇ ಎಂಬುದು ಅವಳ ಪಿಎಚ್‌ಡಿ ಪ್ರಬಂಧದ ಜೀವಾಳ. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವಳ ಮಾರ್ಗದರ್ಶಕಿ ಮೇಡಂ ಅದನ್ನೇ ನಂಬಿ ಮರುದಿನ ಪರಿಣತರ ಮುಂದೆ ಮಾತಾಡುವವರಿದ್ದರು.

ಅಕಾಲದಲ್ಲಿ ತಲೆ ಬೋಳಾಗಿ ಎಲ್ಲರ ಬಾಯಲ್ಲೂ ತಾತನಾಗಿದ್ದ ಜೊತೆಗಾರ ಆ ಮಧ್ಯಾಹ್ನ ಬಗ್ಗಿ ನೋಡಿ, ಕಪ್ಪೆಲ್ಲ ಎಡಗಡೆಗೇ ಯಾಕಿದೆ ಎಂದು ಕೇಳಿದ.

"ನಿನ್ನ ಕಣ್ಣಿಗೆ ಪೊರೆ ಬಂದಿರ್ಬೇಕು ತಾತ."

"ಬಂದಿರ್ಲಿ. ಚಿನ್ನದ ಫಿಲ್ಮನ್ನ ಒಂದ್ಸಲ ಅಡ್ಡ ತಿರುಗಿಸಿಡು. ಕಪ್ಪು ಅದರದ್ದೇ ಆದ್ರೆ ಜೊತೆಗೇ ತಿರುಗತ್ತೆ."

ನಗುತ್ತಲೇ ತಿರುಗಿಸಿಟ್ಟಳು. ಗೆರೆಗೆರೆಯಾಗಿ ಚಿತ್ರ ಮೂಡಿತು. ಕಣಗಳು ಅಡ್ಡ ತಿರುಗಿದ್ದವು. ಕಪ್ಪು ಮಾತ್ರ ಎಡಗಡೆ ಬಿಟ್ಟು ಕದಲಿರಲಿಲ್ಲ.

ಚಿತ್ರದಲ್ಲಿ ಉಬ್ಬುತಗ್ಗು ಸ್ಪಷ್ಟವಾಗಿ ಬರುತ್ತಿರುವ ತನಕ ಹಳೆಯ ಮೊನೆಯನ್ನೇ ದುಡಿಸುವುದು ಆ ಪ್ರಯೋಗಾಲಯದ ರೂಢಿ. ಮೊನೆಯ ಒಂದು ಬದಿಯ ಲೋಹದ ಲೇಪ ಸವೆದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಹೊಸ ಮೊನೆ ಹಾಕಿದಳು. ಪರದೆ ತುಂಬ ಬೆಳಕು. ಕಪ್ಪು ಅಂಚು ಒಂದೂ ಇರಲಿಲ್ಲ; ಪ್ರಬಂಧದ ಜೀವಾಳವೇ ಸವೆದ ಮೊನೆಯ ತಪ್ಪಾಗಿತ್ತು.

ತಾತ ಉಸಿರೆತ್ತುವವನಲ್ಲ. ನಾಳೆಯೊಂದು ದಿನ ಕಳೆದರೆ ಮೇಡಂ ಗೌರವದಿಂದ ಮನೆಗೆ ಹೋಗುತ್ತಾರೆ, ತನಗೆ ಪದವಿ ಸಿಗುತ್ತದೆ. ಹಾಗಂದುಕೊಂಡೇ ನಡೆದಳು, ಕಾಲು ಮಾತ್ರ ಮೇಡಂ ಕೋಣೆಗೇ ಕರೆದೊಯ್ದಿತು.

ಮೇಡಂ ತಿರುಗಿಸುವ ಮುಂಚಿನ, ಆಮೇಲಿನ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ನಾನೂ ಇದನ್ನ ನೋಡ್ತಾನೇ ಇದ್ದೆ ಕಣಮ್ಮ. ತಿರುಗಿಸಿ ನೋಡು ಅಂತ ನನಗೂ ಹೊಳೀಲಿಲ್ಲ." ಕನ್ನಡಕ ತೆಗೆದು ಒರೆಸಿದರು. "ಮೊದಲಿಂದ ಅಳೀಬೇಕು. ಅದು ಮುಗಿಯೋ ಹೊತ್ತಿಗೆ ನಾನಿಲ್ಲಿ ಇರಲ್ಲ."

ಮೇಡಂ ಫೋನೆತ್ತಿ ಸಭೆಯ ಆಯೋಜಕರಿಗೆ, ತಮ್ಮ ಅಳತೆಯಲ್ಲಿ ತಪ್ಪಾಗಿದೆ, ನಾಳೆ ಮಾತಾಡುವುದಿಲ್ಲ ಎಂದರು. ವಿದ್ಯಾರ್ಥಿನಿಯ ಸುದ್ದಿಯನ್ನೇ ಎತ್ತಲಿಲ್ಲ. ಫೋನಿಟ್ಟ ಮೇಲೆ, ಭಾಷಣದ ತಯಾರಿಯಲ್ಲಿ ಮುಚ್ಚಳವನ್ನೂ ತೆಗೆಯದೆ ಉಳಿಸಿದ್ದ ತಮ್ಮ ಊಟದ ಡಬ್ಬಿಯನ್ನು ಅವಳತ್ತ ಸರಿಸಿ, ಮೇಲೊಂದು ಚಮಚ ಇಟ್ಟರು.