ಸಾಬಮ್ಮನ ಗೇರು

"ನೀ ಹಿಂದ ಕುಂದ್ರವ್ವ, ಅಪ್ಪನ ಬೆನ್ನ ಹಿಂದ. ಈ ಕಡಿ ರೊಟ್ಟಿ ಗಂಟು ಅದ," ಎಂದು ಸಾಬಮ್ಮ ಮಗಳನ್ನು ಫಿಯಟ್ಟಿನೊಳಗೆ ಒತ್ತಿ ಕೂರಿಸಿ, ಮಹದೇವಪುರದ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು ಜೋರಾಗಿ ಬಾಗಿಲು ಹಾಕಿದಳು. ಗಂಟು ಸಣ್ಣದೇನಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎರಡು ಡಬ್ಬಿ ಮಾದಲಿ. ಒಂದು ಪಲ್ಟನ್ನು ಮದ್ರಾಸಿನವರೆಗೆ ನಡೆದು ವಾಪಸು ಬರಲು ಸಾಕಾಗುವಷ್ಟು ಬುತ್ತಿ. ಸೌಂದರ್ಯಾಳ ಎದುರಿಗೆ ಅಪ್ಪನ ಬೆನ್ನು ಗೋಡೆಯಂತೆ ನಿಂತಿತ್ತು, ಪಕ್ಕಕ್ಕೆ ಸರಿದು ನೋಡೋಣವೆಂದರೆ ಗಂಟು ಗುಡ್ಡದಂತೆ ಕುಳಿತಿತ್ತು. ಸಾಬಮ್ಮ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದದ್ದು ಅದಕ್ಕೇ.

ಎರಡು ಸಾವಿರದ ನಾಲ್ಕನೇ ಇಸವಿಯ ಒಂದು ಭಾನುವಾರ ಅದು. ಸೌಂದರ್ಯಾ ಕೆ.ಆರ್. ಪುರದ ಶಾಲೆಯೊಂದರಲ್ಲಿ ಗಣಿತ ಹೇಳುವವಳು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೂ ಲೆಕ್ಕ ಬಿಡಿಸಿ ತೋರಿಸಿ ಎನ್ನುವ ಪೈಕಿ. ಅಪ್ಪ ಅಂಗಿ ತೊಡುವಾಗ ಎಡಗೈ ಮೇಲೇಳದೆ ಹಲ್ಲು ಕಚ್ಚಿ ನಿಂತದ್ದನ್ನು ಕಂಡ ದಿನವೇ ಅವಳು ತೀರ್ಮಾನಿಸಿಬಿಟ್ಟಿದ್ದಳು, ಕಾರು ಮಾರಲೇಬೇಕೆಂದು. ಅವಳದ್ದೂ ತಪ್ಪೆನ್ನಲಾಗದು. ಫಿಯಟ್ಟಿನ ಗೇರ್ ಕಡ್ಡಿ ಈಗಿನ ಕಾರುಗಳಂತೆ ಕೆಳಗೆ ಕಾಲಿನ ಹತ್ತಿರ ಇರುವುದಿಲ್ಲ. ಸ್ಟೇರಿಂಗಿನ ಎಡಕ್ಕೆ, ಎದೆಯ ಮಟ್ಟದಲ್ಲಿ ಚಾಚಿಕೊಂಡಿರುತ್ತದೆ. ಭುಜ ಹಿಡಿದುಕೊಂಡವನ ಕೈಗೆ ಅದು ಎಟುಕುವುದಿಲ್ಲ.

"ಎಣ್ಣಿ ತಿಕ್ಕಿ ತಿಕ್ಕಿ ಕೈ ನೆಟ್ಟಗಾಗ್ಯಾದವ್ವ," ಎಂದಿದ್ದ ಅಪ್ಪ ಭಗವಂತರಾಯ.

"ಹಾಗಾದ್ರೆ ನನ್ನನ್ನ ಕೂರಿಸ್ಕೊಂಡು ಶಿವಾಜಿನಗರಕ್ಕೆ, ಗಯಾಜ್ ಭಾಯ್ ಅಂಗಡಿವರೆಗೂ ಓಡಿಸಿ. ದಾರೀಲಿ ಎಲ್ಲೂ ಆಫ್ ಆಗ್ಬಾರ್ದು, ಕಪ್ಪೆ ಥರ ಎಗರ್ಬಾರ್ದು. ಹಾಗೆ ಹೋದ್ರೆ ಗಾಡಿ ನಿಮ್ಮದೇ. ಇಲ್ಲಾಂದ್ರೆ ಅಲ್ಲೇ ಬಿಟ್ಟು ಬಸ್ಸಲ್ಲಿ ವಾಪಸ್ ಬರೋಣ."

ಗಯಾಜನ ಅಂಗಡಿಯಲ್ಲಿ ಬಿಟ್ಟು ಬರುವುದೆಂದರೇನೆಂದು ಮೂವರಿಗೂ ಗೊತ್ತಿತ್ತು. ಅವನು ಹಳೇ ಕಾರು ಬಿಚ್ಚಿ ಮಾರುವವನು. ಬೆಳಿಗ್ಗೆ ಒಳಗೆ ಹೋದ ಕಾರಿನ ಬಾಗಿಲು ಸಂಜೆಗೆ ತುಮಕೂರಿನಲ್ಲಿ, ಬಾನೆಟ್ಟು ಹೊಸೂರಿನಲ್ಲಿ, ಹಾರ್ನು ಯಾವುದೋ ಐಸ್‌ಕ್ಯಾಂಡಿ ಗಾಡಿಯಲ್ಲಿ.

ಈ ಫಿಯಟ್ಟು ಅಂಥಿಂಥ ಫಿಯಟ್ಟಲ್ಲ. ಭಗವಂತರಾಯ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ಕಾಲದಲ್ಲಿ, ತೊಂಬತ್ತೊಂದರಲ್ಲಿ, ಬೆನ್ಸನ್ ಟೌನಿನ ಒಬ್ಬ ಮುದಿ ಡಾಕ್ಟರಿಂದ ಕೊಂಡದ್ದು. ಹಾಲಿನ ಕೆನೆಯ ಬಣ್ಣ. ಅದು ಮೊದಲ ಸಲ ವಠಾರದ ಮುಂದೆ ನಿಂತಾಗ ಜನ ಸೂರ್ಯಗ್ರಹಣ ನೋಡುವಂತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಗುಲಬರ್ಗಾಕ್ಕೆ ಹೋದರೆ ಒಳಗೆ ಹನ್ನೊಂದು ಜನ, ಡಿಕ್ಕಿಯಲ್ಲಿ ಒಂದು ಜೋಳದ ಚೀಲ, ಚೀಲದ ಮೇಲೊಂದು ಮೇಕೆ. ಮಹದೇವಪುರದಲ್ಲಿ ಮಳೆ ನೀರು ಸೊಂಟಕ್ಕೆ ಬಂದ ವರ್ಷ ಬಸ್ಸು, ಲಾರಿಗಳು ಮುಳುಗಿ ಕೂತಿದ್ದರೆ ಇದೊಂದೇ ಹಡಗಿನಂತೆ ಹೋಯಿತು, ಹೆಡ್‌ಲೈಟಿನ ಬೆಳಕಿಗೆ ಮೀನು ಬಂದವು. ಪಕ್ಕದ ಮನೆಯ ವೆಂಕಟಮ್ಮ ಅದರಲ್ಲೊಂದನ್ನು ಹಿಡಿದು ಸಾರು ಮಾಡಿದಳು. ಇದರಲ್ಲಿ ಸುಳ್ಳಿದ್ದರೆ ಎಂಟಾಣೆಯಷ್ಟು ಇರಬಹುದು, ಅದಕ್ಕಿಂತ ಹೆಚ್ಚಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಪವಾಡ ಆ ಕಾರಿನ ಮುಂದಿನ ಸೀಟಿನಲ್ಲಿ ನಡೆಯುತ್ತಿತ್ತು, ಅದನ್ನು ಗಂಡಹೆಂಡತಿ ಬಿಟ್ಟರೆ ಇನ್ನೊಂದು ನೊಣ ಕೂಡ ಕಂಡಿರಲಿಲ್ಲ. ಭಗವಂತರಾಯನ ಕೈ ಸರಿಹೋಗಿರಲಿಲ್ಲ. ಎಣ್ಣೆ ಖಾಲಿಯಾಗಿತ್ತು ಅಷ್ಟೆ. ಯುಗಾದಿಯಿಂದ ಆ ಕಾರಿನ ಗೇರು ಹಾಕುತ್ತಿದ್ದವಳು ಸಾಬಮ್ಮ.

ಫಿಯಟ್ಟಿನ ಮುಂದಿನ ಸೀಟು ಈಗಿನಂತೆ ಎರಡು ಹೋಳಲ್ಲ. ಸೋಫಾದಂತೆ ಆಚೆಯಿಂದ ಈಚೆಗೆ ಒಂದೇ ಸೀಟು. ಕ್ಲಚ್ಚು ಒತ್ತಲು ರಾಯ ಎಡಗಾಲು ಚಾಚಿದ ಕೂಡಲೇ ಅವನ ಭಾರ ಅಷ್ಟು ಸರಿದು, ಸಾಬಮ್ಮನ ಕೆಳಗಿನ ಸ್ಪ್ರಿಂಗು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅದೇ ಸಂದೇಶ. ಯಾವ ಗೇರು ಎಂಬುದನ್ನು ಎಂಜಿನ್ನಿನ ದನಿ ಹೇಳುತ್ತಿತ್ತು. ಮೊದಮೊದಲು ಫ್ಯಾಕ್ಟರಿ ಹಿಂದಿನ ಬಯಲಿನಲ್ಲಿ ರಾಯ "ಒಂದು, ಎರಡು" ಎಂದು ಕೂಗುತ್ತಿದ್ದ. ಕಾರು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು, ಇಬ್ಬರೂ ಜಗಳವಾಡಿ ಬೇರೆ ಬೇರೆ ದಾರಿಯಲ್ಲಿ ಮನೆಗೆ ನಡೆದದ್ದೂ ಉಂಟು. ಆಷಾಢ ಬರುವ ಹೊತ್ತಿಗೆ ಕೂಗು ನಿಂತಿತು. ಶ್ರಾವಣದಲ್ಲಿ ಸಾಬಮ್ಮ ಗೇರು ಹಾಕುತ್ತಲೇ ಹೂಕೋಸಿನ ದರದ ಬಗ್ಗೆ ಮಾತಾಡತೊಡಗಿದಳು.

"ಹೋಗಾಮೇನ್ರಿ?" ಎಂದು ಈಗ ಅವಳು ಸೆರಗನ್ನು ಬಲಗೈಯ ಮೇಲೆ ಇಳಿಬಿಟ್ಟು ಕೇಳಿದಳು.

"ನಡಿ," ಎಂದ ರಾಯ. ಅವನು ಕುಡಿದಿದ್ದ ಚಹಾ ಅಷ್ಟರಲ್ಲೇ ಬೆವರಾಗಿ ಹಣೆಗೆ ಬಂದಿತ್ತು.

ಸ್ಪ್ರಿಂಗು ಎದ್ದಿತು. ಸೆರಗು ಅಲುಗಿತು. ಫಿಯಟ್ಟು ಬೆಣ್ಣೆಯ ಮೇಲೆ ಚಾಕು ಸರಿದಂತೆ ಹೊರಟಿತು.

ರಿಂಗ್ ರೋಡು ದಾಟಿದರು. ತೂಗುಸೇತುವೆಯ ಬುಡದಲ್ಲಿ ಬೆಂಗಳೂರಿನ ಅರ್ಧ ವಾಹನಗಳು ಗಂಟು ಬಿದ್ದಿದ್ದವು, ಉಳಿದರ್ಧ ಬರುತ್ತಿದ್ದವು. ನಿಲ್ಲು, ಹೊರಡು, ನಿಲ್ಲು. ಹೊಚ್ಚ ಹೊಸ ಕಾರೊಂದು ಪಕ್ಕದಲ್ಲೇ ಎಗರಿ ಆಫ್ ಆಯಿತು, ಒಳಗಿದ್ದ ಹುಡುಗ ಮುಖ ಮುಚ್ಚಿಕೊಂಡ. ಫಿಯಟ್ಟು ಮಾತ್ರ ತೊಟ್ಟಿಲು ತೂಗಿದಂತೆ ಹೋಗುತ್ತಿತ್ತು. ಸೌಂದರ್ಯಾ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಭುಜ ಅಲುಗುತ್ತಿರಲಿಲ್ಲ.

"ಅಪ್ಪಾ, ಕೈ ನೋಯ್ತಿಲ್ವಾ?"

"ಎಲ್ಲೀದವ್ವ ನೋವು."

"ಅವ್ವಾ, ನಿನ್ನ ಸೆರಗು ಗೇರಿಗೆ ಸಿಕ್ಕಾಕ್ಕೊಳ್ಳುತ್ತೆ ನೋಡು."

"ಗಾಳಿ ಬೀಸ್ಲಾಕತ್ತದ, ನಾ ಏನ್ ಮಾಡ್ಲಿ. ನೀ ಹೊರಗ ನೋಡು. ಅಲ್ಲಿ ನೋಡು, ಎಷ್ಟು ದೊಡ್ಡ ಬಿಲ್ಡಿಂಗು."

ಸೌಂದರ್ಯಾ ಹೊರಗೆ ನೋಡಿದಳು. ಆ ಗಳಿಗೆಯಲ್ಲಿ ಬೈಯಪ್ಪನಹಳ್ಳಿಯ ತಿರುವಿನಲ್ಲಿ ಒಂದು ಹಸು ಅಡ್ಡ ಬಂತು. ಬ್ರೇಕು, ಕ್ಲಚ್ಚು, ಮೂರರಿಂದ ಒಂದು, ಮತ್ತೆ ಎರಡು. ರಾಯನ ಪಾದ ಮತ್ತು ಸಾಬಮ್ಮನ ಕೈ ಒಂದೇ ಮೈಯ ಅಂಗಗಳಂತೆ ದುಡಿದವು. ಅಷ್ಟರಲ್ಲಿ ಸಾಬಮ್ಮನ ಬಾಯಿ ಕೂಡ ಸುಮ್ಮನಿರಲಿಲ್ಲ. "ಇದರ ಮಾಲಕ ಯಾವನರೇ," ಎಂದು ಹಸುವಿನ ಕಡೆಯ ಏಳು ತಲೆಮಾರಿನವರನ್ನು ವಿಚಾರಿಸಿಕೊಳ್ಳುತ್ತಿತ್ತು. ಹಲಸೂರು ಕೆರೆಯ ಪಕ್ಕದ ಏರಿನಲ್ಲಿ ನೀರಿನ ಲಾರಿಯೊಂದು ಮುಂದೆ ನಿಂತುಬಿಟ್ಟಿತು. ಇಂಥ ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರದ ಫಿಯಟ್ಟು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಇದು ಒಂದು ಅಂಗುಲವೂ ಜಾರಲಿಲ್ಲ. ಸೌಂದರ್ಯಾ ತುಟಿ ಕಚ್ಚಿಕೊಂಡಳು. ಸೋಲುತ್ತಿರುವುದಕ್ಕೆ ಅವಳಿಗೆ ಬೇಸರವಾಗಲಿಲ್ಲ, ಲೆಕ್ಕ ಕೂಡದ್ದು ಮಾತ್ರ ಕಾಡತೊಡಗಿತು.

ಪರೀಕ್ಷೆಯ ಸುದ್ದಿ ಮೊದಲೇ ಮುಟ್ಟಿದ್ದರಿಂದ ಗಯಾಜ್ ಅಂಗಡಿಯ ಮುಂದೆಯೇ ನಿಂತಿದ್ದ. ಅವನ ಹಿಂದೆ ಫಿಯಟ್ಟು, ಅಂಬಾಸಿಡರುಗಳ ಬಾಗಿಲುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಬಿಳಿ ಗಡ್ಡ, ಕೈಗೆ ಯಾವತ್ತಿನದೋ ಗ್ರೀಸು.

"ಏನ್ ರಾಯ್ ಸಾಬ್, ಪಾಸಾ ಫೇಲಾ?"

"ಫಸ್ಟ್ ಕ್ಲಾಸು. ನನ್ನ ಮಗಳನ್ನ ಕೇಳು," ಎಂದು ರಾಯ ಕೆಳಗಿಳಿದು ಮೀಸೆಯನ್ನು ಬಲಗೈಯಲ್ಲೇ ಎರಡೂ ಕಡೆ ತಿರುವಿದ.

"ಪಾಸು," ಎಂದಳು ಸೌಂದರ್ಯಾ, ಹಿಂದಿನ ಸೀಟಿನಿಂದಲೇ ರೊಟ್ಟಿ ಗಂಟನ್ನು ಗಯಾಜನಿಗೆ ಕೊಡುತ್ತ. "ಆದ್ರೂ ಭಾಯ್, ನೀವೊಂದ್ ರೌಂಡ್ ಹೋಗಿ ಬ್ರೇಕ್ ನೋಡ್ಬಿಡಿ. ನನಗೂ ಸಮಾಧಾನ."

"ಅದಕ್ಕೇನು ಬೇಟಿ," ಎಂದು ಗಯಾಜ್ ಗಂಟನ್ನು ಕಲ್ಲಿನ ಮೇಲಿಟ್ಟು ಡ್ರೈವರ್ ಜಾಗಕ್ಕೆ ಏರಿದ. ಸಾಬಮ್ಮ ತನ್ನ ಜಾಗದಲ್ಲೇ ಇದ್ದಳು. ಇಳಿಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಇಳಿಯೆಂದು ಹೇಳಬೇಕೆಂದು ರಸ್ತೆಯಲ್ಲಿ ನಿಂತಿದ್ದ ರಾಯನಿಗೆ ಹೊಳೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಗಯಾಜ್ ಕ್ಲಚ್ಚು ಒತ್ತಿದ. ಗೇರಿಗೆ ಕೈ ಎತ್ತಿದ. ಗೇರು ಆಗಲೇ ಬಿದ್ದಿತ್ತು.

ಅವನು ಕಡ್ಡಿಯನ್ನು ನೋಡಿದ, ಅದರ ಮೇಲಿದ್ದ ಬಳೆಗಳ ಕೈ ನೋಡಿದ. "ಅಮ್ಮಾ, ಅದು ನನ್ನ ಕೆಲಸ."

"ತಪ್ಪಾಯ್ತಪ್ಪ. ಕೈ ತಾನ ಹೋಯ್ತು," ಎಂದು ಸಾಬಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಒತ್ತಿಕೊಂಡಳು.

ಕಾರು ಮುಂದೆ ಹೋಯಿತು. ಎರಡನೇ ಗೇರಿಗೆ ಗಯಾಜನ ಕಾಲು ಚಾಚಿತು, ಸ್ಪ್ರಿಂಗು ಎದ್ದಿತು. ಮಡಿಲಿನ ಕೈ ಬಿಡಿಸಿಕೊಂಡು ಹಾರಿತು. ಬಳೆಗಳು ಗಲ್ ಎಂದವು, ಗೇರು ಬಿತ್ತು. ಈ ಸಲ ಗಯಾಜ್ ತನ್ನ ಎಡಗೈಯನ್ನು ನಿಧಾನವಾಗಿ ತೊಡೆಯ ಮೇಲೆ ಇಟ್ಟುಕೊಂಡ. ಮಾರ್ಕೆಟ್ಟಿನ ತಳ್ಳುಗಾಡಿಗಳ ನಡುವೆ, ಬುರ್ಖಾದ ಹೆಂಗಸರು, ಕೋಳಿ ಪಂಜರ ಹೊತ್ತ ಸೈಕಲ್ಲುಗಳ ನಡುವೆ ಕಾರು ಬಳಸಿ ಬಳಸಿ ನಡೆಯಿತು. ಅವನು ಕ್ಲಚ್ಚು ಒತ್ತಿದಾಗಲೆಲ್ಲ ಗೇರು ಬೀಳುತ್ತಿತ್ತು, ಬೇಕಾದ್ದೇ ಬೀಳುತ್ತಿತ್ತು. ಭೂಮಿಯ ಮೇಲಿರುವ ಫಿಯಟ್ಟುಗಳನ್ನೆಲ್ಲ ಬಿಚ್ಚಿ ನೋಡಿದ್ದ ಆ ಮನುಷ್ಯನ ಮುಖ ದರ್ಗಾದೊಳಗೆ ಕಾಲಿಟ್ಟವನಂತಾಗಿತ್ತು.

ರೊಟ್ಟಿ ಗಂಟು ಈಗ ಇರಲಿಲ್ಲ. ಸೌಂದರ್ಯಾ ಸೀಟಿನ ನಡುವಿಗೆ ಸರಿದು ಕುಳಿತಿದ್ದಳು. ರೊಟ್ಟಿ ಬಡಿದು ಬಡಿದು ಗಂಟುಗಟ್ಟಿದ ಬೆರಳುಗಳು ಆ ಕಡ್ಡಿಯನ್ನು ಮುಟ್ಟುವ ರೀತಿಯನ್ನು ಅವಳು ಬಾಯಿ ತೆರೆದು ನೋಡಿದಳು. ಅವ್ವ ಆ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು. ಇಷ್ಟು ವರ್ಷ ಅವ್ವನ ಕಣ್ಣು ಒಲೆಯ ಮೇಲೆ, ಹಾಲಿನ ಪಾತ್ರೆಯ ಮೇಲೆ ಇರುವುದನ್ನು ಕಂಡಿದ್ದಳು. ಅಷ್ಟು ದೂರ ನೋಡುವ ಕಣ್ಣನ್ನು ಕಂಡಿರಲಿಲ್ಲ.

ಕಾರು ಅಂಗಡಿಯ ಮುಂದೆ ಬಂದು ನಿಂತಿತು. ರಾಯ ಚಪ್ಪಲಿಯ ಮೂಗನ್ನೇ ನೋಡುತ್ತ ನಿಂತಿದ್ದ.

"ಬ್ರೇಕ್ ಚೆನ್ನಾಗಿದೆ," ಎಂದು ಗಯಾಜ್ ಇಳಿದು, ಬೀಗದ ಕೈಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅಂಗೈಯಲ್ಲೇ ಹಿಡಿದು ನಿಂತ.

"ಯಾವಾಗಿಂದ?" ಎಂದಳು ಸೌಂದರ್ಯಾ ಕೆಳಗಿಳಿಯುತ್ತ.

"ಯುಗಾದಿ ಆಕಡಿ ಈಕಡಿ," ಎಂದ ರಾಯ.

"ಇಬ್ಬರಲ್ಲಿ ಒಬ್ಬರಿಗೆ ಕೆಮ್ಮು ಬಂದಿದ್ರೂ ಲಾರಿ ಕೆಳಗೆ ಹೋಗ್ತಿದ್ರಿ. ಗೊತ್ತಾ ನಿಮಗೆ? ನನ್ನ ಮುಂದೆ ಬೇರೆ ನಾಟಕ."

"ನಾ ಅಂದಿದ್ದೆ, ಹುಡುಗಿಗಿ ಹೇಳಾಮಂತ. ನಿಮ್ಮವ್ವನ ಬ್ಯಾಡಂದ್ಳು."

"ಎಲ್ಲಾ ನನ್ನ ಮ್ಯಾಲ ಹಾಕ್ರಿ," ಎಂದಳು ಸಾಬಮ್ಮ ಒಳಗಿನಿಂದಲೇ. ಆಮೇಲೆ ದನಿ ತಗ್ಗಿಸಿದಳು. "ಬ್ಯಾಡಂದಿದ್ದು ಖರೇ. ಹೇಳಿದ್ರ ನೀ ಮಾರ್ತಿದ್ದಿ. ಇಷ್ಟು ವರ್ಷ ಈ ಗಾಡ್ಯಾಗ ಕುಂತು ಬಂದೆ ಸೌಂದರ್ಯಾ. ಅವರು ಎಲ್ಲಿಗಿ ಹೊಡದ್ರ ಅಲ್ಲಿಗಿ. ಈ ವರ್ಷ ಕುಂತು ಬಂದಿಲ್ಲ ನಾ. ಹೊಡಕೊಂಡು ಬಂದೀನಿ."

ರಸ್ತೆಯಲ್ಲಿ ಯಾವನೋ ಹಾರ್ನು ಬಾರಿಸಿದ. ಗಯಾಜ್ ಅವನತ್ತ ತಿರುಗಿ ಒಂದು ನೋಟ ನೋಡಿದ ಮೇಲೆ ಆ ಗಾಡಿ ತಾನೇ ಹಿಂದಕ್ಕೆ ಹೋಗಿ ಬೇರೆ ಬೀದಿ ಹಿಡಿಯಿತು.

"ಅಪ್ಪ ಒಬ್ಬರೇ ತಗೊಂಡು ಹೋಗ್ಬಾರ್ದು," ಎಂದಳು ಸೌಂದರ್ಯಾ.

"ಒಬ್ಬನ ಹ್ಯಾಂಗ ಹೋಗಲವ್ವ?" ಎಂದ ರಾಯ. "ವಠಾರದ ಗೇಟು ದಾಟಂಗಿಲ್ಲ ಅದು."

"ಅವ್ವನಿಗೆ ಜ್ವರ ಬಂದ್ರೆ?"

ಯುಗಾದಿಯಿಂದ ಈಚೆಗೆ ಗಂಡಹೆಂಡತಿ ಸೇರಿ ಎಲ್ಲ ತಿರುವುಗಳನ್ನೂ ಯೋಚಿಸಿದ್ದರು, ಇದೊಂದನ್ನು ಬಿಟ್ಟು. ಸಾಬಮ್ಮ ಮಗಳ ಮುಖ ನೋಡಿದಳು. ಗಯಾಜ್ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ.

ಸೌಂದರ್ಯಾ ಹಿಂದಿನ ಬಾಗಿಲು ಮುಚ್ಚಿದಳು. ಗಯಾಜನ ಕೈಯಿಂದ ಬೀಗದ ಕೈ ಬಿಡಿಸಿ ಅಪ್ಪನಿಗೆ ಕೊಟ್ಟಳು. ಆಮೇಲೆ ಮುಂದಿನ ಎಡ ಬಾಗಿಲು ತೆರೆದು, "ಅವ್ವಾ, ಇಳಿ ಸ್ವಲ್ಪ," ಎಂದಳು.

"ಯಾಕ?"

"ನಾನು ನಡುವೆ ಕೂತ್ಕೋಬೇಕು."

"ಸೀಟು ಸಣ್ಣದದವ್ವ."

"ಇದ್ರಲ್ಲಿ ಹನ್ನೊಂದು ಜನ ಗುಲಬರ್ಗಾಕ್ಕೆ ಹೋಗಿದ್ವಿ ಅಂತ ದಿನಾ ಹೇಳ್ತೀಯಲ್ಲ. ಇಳಿ."

ಸಾಬಮ್ಮ ಇಳಿದಳು. ಸೌಂದರ್ಯಾ ಒಳಗೆ ಸರಿದು ಅಪ್ಪನಿಗೆ ಅಂಟಿ ಕುಳಿತಳು. ಸಾಬಮ್ಮ ಮತ್ತೆ ಏರಿ ಬಾಗಿಲೆಳೆದುಕೊಂಡಳು. ಶಿವಾಜಿನಗರಕ್ಕೆ ಶಿವಾಜಿನಗರವೇ ಗದ್ದಲದಲ್ಲಿದ್ದರೂ ಗಯಾಜನಿಗೆ ಒಳಗಿನ ಮಾತು ಕೇಳಿಸಿತು. "ಅವರ ಕಾಲು ನೋಡಬ್ಯಾಡ. ಕಣ್ಣು ಮುಂದ ಇಡು. ಸೀಟು ಹೇಳ್ತದ."

"ಏನು ಹೇಳುತ್ತೆ?"

"ತಡಿ. ಹೇಳ್ತದ."

ಕೆನೆ ಬಣ್ಣದ ಫಿಯಟ್ಟು ಹೊರಟಿತು. ಹಿಂದಿನ ಸೀಟು ಪೂರ್ತಿ ಖಾಲಿ. ಮುಂದೆ ಮೂರು ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಗಯಾಜ್ ಗ್ರೀಸಿನ ಕೈಯನ್ನು ಸೊಂಟಕ್ಕಿಟ್ಟು ರಸ್ತೆಯ ನಡುವೆ ನಿಂತು ಕಿವಿಗೊಟ್ಟ. ಮೊದಲನೆಯದು ಬಿದ್ದಿತು. ಎರಡನೆಯದು ಬಿದ್ದಿತು. ತಿರುವಿನಾಚೆ ಕಾರು ಮರೆಯಾಯಿತು, ಎಂಜಿನ್ನಿನ ದನಿ ಏರಿತು, ಇನ್ನೂ ಏರಿತು, ಎಲ್ಲೋ ಗೇರಿನ ಹಲ್ಲಿಗೆ ಹಲ್ಲು ತಾಗಿ ಕರಕರ ಎಂದಿತು. ಅವನು ಉಸಿರು ಹಿಡಿದ.

ಮೂರನೆಯದು ಬಿದ್ದಿತು.