ರಫು ಅಂಗಡಿಯ ಒಂದು ವರ್ಷ

ಡಿಗ್ರಿ ಮುಗಿಯುತ್ತಿದ್ದಂತೆ ಮುಂದೇನು ಎಂದು ಬೀದಿಯವರೆಲ್ಲ ಕೇಳುತ್ತಾರೆ. ಮನೆಯವರು ಮಾತ್ರ ಕೇಳುವುದಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಹೆದರಿಕೆ. ರಫು ಅಂಗಡಿಯ ಮನೆಯಲ್ಲೂ ಹಾಗೇ ಆಗಿತ್ತು.

ಹರಿದ ಬಟ್ಟೆಗೆ ತೇಪೆ ಹಾಕದೆ, ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿ, ತೂತಿದ್ದ ಜಾಗವನ್ನು ಮತ್ತೆ ನೇಯುವುದಕ್ಕೆ ರಫು ಎನ್ನುತ್ತಾರೆ. ಕೆಲಸ ಚೆನ್ನಾಗಿದ್ದರೆ ಕೆಲಸವೇ ಕಾಣಬಾರದು. ಬಟ್ಟೆಯನ್ನು ಬೆಳಕಿಗೆ ಹಿಡಿದು "ಎಲ್ಲಿತ್ತು ತೂತು?" ಎಂದು ಗಿರಾಕಿ ಕೇಳಿದರೆ ಅಪ್ಪ ಮೀಸೆಯೊಳಗೇ ನಗುತ್ತಿದ್ದ.

ಮಗಳನ್ನು ಎಲ್ಲರೂ ಸೂಜಿ ಎಂದು ಕರೆಯುತ್ತಿದ್ದರು. ಆಳು ಸಣ್ಣ, ಕೇಳುವ ಪ್ರಶ್ನೆಗಳು ಚೂಪು. ಅವಳಿಗೆ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ.

"ಅರ್ಜಿ ಹಾಕೋದು ಹಾಕು. ಸಿಗದಿದ್ರೆ ಅಂಗಡಿ ಇದೆ," ಎನ್ನುತ್ತಿದ್ದ ಅಪ್ಪ. ಪ್ರೀತಿಯಿಂದಲೇ ಹೇಳುತ್ತಿದ್ದ. ಆದರೂ ಆ ಮಾತು ಕೇಳಿದಾಗಲೆಲ್ಲ ಸೂಜಿಗೆ ಬಾಗಿಲು ಅರ್ಧ ಮುಚ್ಚಿದಂತೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಮೇಲಿನ ಮನೆಯ ಅಕ್ಕ ಇಳಿದು ಬಂದಳು. ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಪ್ರಯೋಗಾಲಯದ ಬಿಳಿ ಕೋಟಿನ ತೋಳಿನಲ್ಲಿ ಮತ್ತೆ ತೂತು.

"ಏನ್ ತಾಯಿ, ಮತ್ತೆ ಆಸಿಡ್ಡಾ? ನೀವು ಅಲ್ಲಿ ಓದ್ತೀರೋ, ಬಟ್ಟೆ ಸುಡ್ತೀರೋ?" ಎಂದ ಅಪ್ಪ.

"ಮೊದಲು ಸುಡ್ತೀವಿ ಮಾವ. ಯಾಕೆ ಸುಟ್ಟಿತು ಅಂತ ಆಮೇಲೆ ಓದ್ತೀವಿ."

ಅಪ್ಪ ನಕ್ಕು, ಸೂಜಿ ಬರೆದಿಟ್ಟಿದ್ದ ಹಾಳೆಯನ್ನು ಅವಳ ಕೈಗಿತ್ತ. ಯಾಕೆ ಓದಬೇಕು, ಏನು ಓದಬೇಕು ಎಂದು ಅರ್ಜಿಯ ಜೊತೆ ಬರೆದು ಕಳಿಸಬೇಕಾದ ಬರಹ ಅದು. "ನೋಡಿ ಹೇಳು ತಾಯಿ. ಎಷ್ಟು ನುಣ್ಣಗೆ ಬರೆದಿದ್ದಾಳೆ! ಎಲ್ಲೂ ಹೊಲಿಗೆ ಕಾಣಲ್ಲ."

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು.

"ಚೆನ್ನಾಗಿದೆ. ಆದ್ರೆ ಇದನ್ನ ಬರೆದೋರು ಯಾರು ಅಂತಾನೇ ಗೊತ್ತಾಗಲ್ಲ ಕಣೇ. 'ಬಾಲ್ಯದಿಂದಲೂ ವಿಜ್ಞಾನವೇ ನನ್ನ ಉಸಿರು.' ಹೌದಾ?"

"ಎಲ್ರೂ ಹಾಗೇ ಬರೀತಾರಲ್ಲಕ್ಕ."

"ಅದಕ್ಕೇ ಕೇಳಿದೆ. ಇನ್ನೊಂದು ವಿಷಯ. ಎರಡನೇ ವರ್ಷ ಆದ್ಮೇಲೆ ಒಂದಿಡೀ ವರ್ಷ ನೀನು ಕಾಲೇಜಲ್ಲೇ ಇಲ್ಲ. ಅಂಕಪಟ್ಟಿ ನೋಡಿದ್ರೆ ಗೊತ್ತಾಗುತ್ತೆ. ಬರಹದಲ್ಲಿ ಮಾತ್ರ ಆ ವರ್ಷ ಇಲ್ವೇ ಇಲ್ಲ. ಓದೋರು ಏನೇನೋ ಊಹೆ ಮಾಡ್ತಾರೆ."

"ಹುಷಾರಿರಲಿಲ್ಲ ಅಂತ ಬರೀಲಾ?"

"ಯಾರಿಗೆ ಹುಷಾರಿರಲಿಲ್ಲ?"

ಸೂಜಿ ಅಪ್ಪನತ್ತ ನೋಡಿದಳು. ಅಪ್ಪನ ಕತ್ತರಿ ನಿಂತಿತ್ತು.

ಅದು ಆ ಮನೆಯ ಗುಟ್ಟು. ಆ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಎರಡೂ ಕಣ್ಣಿಗೆ ಆಪರೇಷನ್ ಆಗಿ ದೃಷ್ಟಿ ನೆಟ್ಟಗಾಗುವವರೆಗೆ, ಅವನು ತೊಡೆಯ ಮೇಲೆ ಕೋಟು ಹರಡಿಕೊಂಡು, ದಾರವಿಲ್ಲದ ಸೂಜಿ ಹಿಡಿದು ಅಂಗಡಿಯ ಮುಂದೆ ಕೂರುತ್ತಿದ್ದ. ಒಳಗೆ ಕಿಟಕಿಯ ಬಳಿ ಮಗಳು ಎಳೆ ಕೂಡಿಸುತ್ತಿದ್ದಳು. ಕಣ್ಣು ಕಾಣದ ರಫುಗಾರನಿಗೆ ಯಾರು ಬಟ್ಟೆ ಕೊಟ್ಟಾರು? ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಗಳು ಅರ್ಜಿಯಲ್ಲೂ ಆ ವರ್ಷವನ್ನು ಹಾಗೇ ಎಳೆ ಕೂಡಿಸಿ ಮುಚ್ಚಿಬಿಟ್ಟಿದ್ದಳು.

ಅಕ್ಕ ಮಾತು ಬದಲಿಸಿದಳು. "ಹೋಗ್ಲಿ ಬಿಡು. ರಸಾಯನಶಾಸ್ತ್ರದಲ್ಲಿ ನಿಂಗೆ ಏನು ಇಷ್ಟ? ನಿಜ ಹೇಳು."

"ಬಣ್ಣ," ಎಂದಳು ಸೂಜಿ ತಕ್ಷಣ. ಒಳಗೆ ಓಡಿ ಒಂದು ರಟ್ಟು ತಂದಳು. ಅದರ ತುಂಬ ಅಂಟಿಸಿದ ಬಟ್ಟೆಯ ಚೂರುಗಳು. ಪ್ರತಿ ಚೂರೂ ಅರ್ಧ ಬಿಸಿಲು ಕಂಡದ್ದು, ಅರ್ಧ ಮುಚ್ಚಿಟ್ಟದ್ದು.

"ವಕೀಲರ ಕಪ್ಪು ಕೋಟಿಗೆ ರಫು ಮಾಡಿದ್ದೆ ಅಕ್ಕ. ದೀಪದ ಬೆಳಕಲ್ಲಿ ಏನೂ ಕಾಣಲಿಲ್ಲ. ಬಿಸಿಲಿಗೆ ಹೋದ್ರೆ ಎದ್ದು ಕಾಣ್ತಿತ್ತಂತೆ. ಬಂದು ಅಪ್ಪನ್ನ ಬೈದ್ರು. ಒಳ ಅಂಚಿನ ಎಳೆ ಬಿಸಿಲೇ ನೋಡಿರಲಿಲ್ಲ, ಅದು ಕಪ್ಪಾಗೇ ಇತ್ತು. ಸುತ್ತ ಬಟ್ಟೆ ಮಾಸಿ ಕೆಂಚಗಾಗಿತ್ತು. ಕಪ್ಪು ಯಾಕೆ ಕೆಂಚಗಾಗ್ಬೇಕು? ನೀಲಿ ಯಾಕೆ ಹಾಗಾಗಲ್ಲ? ಅವತ್ತಿಂದ ತಲೇಲಿ ಅದೇ."

"ಇಷ್ಟೆಲ್ಲ ಇಟ್ಕೊಂಡು 'ವಿಜ್ಞಾನವೇ ಉಸಿರು' ಅಂತ ಬರೆದಿದ್ದೀಯಲ್ಲೇ! ಇದನ್ನ ಯಾಕೆ ಬರೀಲಿಲ್ಲ?"

ಸೂಜಿ ತಲೆ ತಗ್ಗಿಸಿದಳು. ಉತ್ತರ ಅಪ್ಪನಿಂದ ಬಂತು.

"ನನ್ನ ಮಾನ ಕಾಯೋಕೆ. ಆ ವರ್ಷ ನನ್ನ ಕಣ್ಣಿಗೆ ಪೊರೆ ಬಂದಿತ್ತು ತಾಯಿ."

ಅವನು ಕತ್ತರಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಅಪ್ಪ ಮೆಲ್ಲಗೆ ಕೇಳಿದ, "ಬರೆದ್ರೆ ಅದು ಆಚೆ ಗೊತ್ತಾಗುತ್ತಾ ತಾಯಿ?"

"ಆಯ್ಕೆ ಮಾಡೋ ಮೇಷ್ಟ್ರುಗಳು ಓದ್ತಾರೆ ಮಾವ. ನಿಮ್ಮ ಬೀದಿಗೆ ಬಂದು ಡಂಗುರ ಸಾರಲ್ಲ. ಕಣ್ಣಿನ ವಿಷಯ ಬೇಡ ಅಂದ್ರೆ ಬೇಡ. 'ಮನೇಲಿ ಕಷ್ಟ ಇತ್ತು, ಒಂದು ವರ್ಷ ಅಂಗಡಿ ನೋಡಿಕೊಂಡೆ, ಅಲ್ಲಿ ಇದನ್ನ ಕಲಿತೆ' ಅಂದ್ರೂ ಸಾಕು. ನಿಮ್ಮಿಬ್ಬರ ಇಷ್ಟ."

ಅಪ್ಪ ಬಿಳಿ ಕೋಟಿನ ತೂತಿನೊಳಗೆ ಬೆರಳು ತೂರಿಸಿ ನೋಡುತ್ತ ಕುಳಿತ. ಅಕ್ಕ ಸೂಜಿಯ ಕಡೆ ತಿರುಗಿದಳು.

"ಎಲ್ಲಿಗೆ ಹಾಕ್ತಿದ್ದೀಯ?"

ಸೂಜಿ ಒಂದು ಭಾರಿ ಹೆಸರು ಹೇಳಿದಳು. ಕಂಬಗಳಿರುವ ಕಟ್ಟಡ, ಎಲ್ಲರ ಬಾಯಲ್ಲೂ ಇರುವ ಹೆಸರು.

"ಅಲ್ಲಿ ಬಣ್ಣದ ಮೇಲೆ ಕೆಲಸ ಮಾಡೋರು ಯಾರಿದ್ದಾರೆ?"

"ಗೊತ್ತಿಲ್ಲಕ್ಕ."

"ದೂರದ ಬೆಟ್ಟ ನುಣ್ಣಗೆ ಕಣೇ. ಹೆಸರು ಪಾಠ ಮಾಡಲ್ಲ, ಮೇಷ್ಟ್ರು ಮಾಡ್ತಾರೆ. ಅಲ್ಲಿ ಯಾರು ಏನು ಕೆಲಸ ಮಾಡ್ತಾರೆ ಅಂತ ಮೊದಲು ಓದು. ಈಗ ಅಲ್ಲಿ ಓದ್ತಿರೋ ಒಬ್ಬರನ್ನಾದ್ರೂ ಮಾತಾಡಿಸು. ಹಾಸ್ಟೆಲ್ ಹೇಗಿದೆ, ವಿದ್ಯಾರ್ಥಿವೇತನ ಸರಿಯಾಗಿ ಬರುತ್ತಾ, ಮೇಷ್ಟ್ರು ಸಿಗ್ತಾರಾ, ಎಲ್ಲ ಕೇಳು. ನಾಚ್ಕೋಬೇಡ. ಒಂದೇ ಕಡೆ ಹಾಕಿ ಕೂರಬೇಡ."

"ಬಟ್ಟೆ ನೋಡಿ ದಾರ ಆರಿಸು ಅಂತಾರಲ್ಲ," ಎಂದ ಅಪ್ಪ, ತಲೆಯೆತ್ತದೆ.

"ಅದೇ ಮಾವ. ಶಿಫಾರಸು ಪತ್ರ ಯಾರ ಹತ್ರ ಕೇಳ್ತೀಯೇ?"

"ಪ್ರಿನ್ಸಿಪಾಲರ ಹತ್ರ."

"ಅವರಿಗೆ ನಿನ್ನ ಹೆಸರು ಗೊತ್ತಾ?"

"ಒಂದ್ಸಲ 'ಏಯ್, ದಾರಿ ಬಿಡಮ್ಮ' ಅಂದಿದ್ರು."

ಮೂವರೂ ನಕ್ಕರು. ಪ್ರಾಕ್ಟಿಕಲ್ ತರಗತಿಯ ಮೇಡಂ ತನ್ನ ಬಟ್ಟೆಯ ಚೂರುಗಳನ್ನು ನೋಡಿ "ಇನ್ನೂ ಇದ್ದರೆ ತಾ" ಎಂದದ್ದು ಸೂಜಿಗೆ ಆಗ ನೆನಪಾಯಿತು. "ಅವರನ್ನೇ ಕೇಳು, ಈ ವಾರವೇ ಕೇಳು. ಕೊನೆ ಗಳಿಗೇಲಿ ಹೋಗಿ ನಿಂತರೆ ಯಾರು ತಾನೇ ಏನು ಬರೆದಾರು?" ಎಂದು ಹೇಳಿ ಅಕ್ಕ ಎದ್ದಳು.

ಅವಳು ಮೆಟ್ಟಿಲು ಹತ್ತುವಾಗ ಅಂಗಡಿಯ ಮುಂದೆ ವಕೀಲರು ಬಂದು ನಿಂತರು. ಅದೇ ಕಪ್ಪು ಕೋಟು. ಈ ಸಲ ಮೊಣಕೈ ಹರಿದಿತ್ತು.

"ಹೋದ ಸಲದ ಹಾಗೆ ಬಿಸಿಲಿಗೆ ಎದ್ದು ಕಾಣಬಾರದು, ನೋಡಿ!"

ಅಪ್ಪ ಕೋಟು ತೆಗೆದುಕೊಂಡ. ಹಳೆಯ ರಫು ಇದ್ದ ಜಾಗವನ್ನು ಹುಡುಕಿ, ಅದರ ಮೇಲೆ ಅಂಗೈ ಇಟ್ಟ.

"ಅದು ನನ್ನ ಕೈಕೆಲಸ ಅಲ್ಲ ಸಾರ್. ಆಗ ನಂಗೆ ಕಣ್ಣು ಕಾಣ್ತಿರಲಿಲ್ಲ. ಆ ವರ್ಷ ಅಂಗಡಿ ನಡೆಸಿದ್ದೇ ನನ್ನ ಮಗಳು. ಅದು ಯಾಕೆ ಎದ್ದು ಕಾಣ್ತು ಅಂತ ಓದೋಕೆ ಈಗ ಹೊರಟಿದ್ದಾಳೆ."

ವಕೀಲರು ಕಣ್ಣರಳಿಸಿದರು. "ಅಷ್ಟಕ್ಕೇನಾ?"

"ಅಷ್ಟಕ್ಕೇ ಸಾರ್."

ಒಳಗಿನಿಂದ ಸೂಜಿಯ ದನಿ ಕೇಳಿತು. ದನಿ ಸ್ವಲ್ಪ ಒದ್ದೆಯಾಗಿತ್ತು. "ಅಪ್ಪಾ, ಇನ್ನೂ ಸೀಟು ಸಿಕ್ಕಿಲ್ಲ!"

"ಸಿಗದಿದ್ರೆ ಇನ್ನೊಂದು ಕಡೆ ಹಾಕು," ಎಂದ ಅಪ್ಪ. "ಮೊದಲು ಆ ಹಾಳೆ ಹರಿದು ಹೊಸದಾಗಿ ಬರಿ. ನನ್ನ ಕಣ್ಣನ್ನೂ ಸೇರಿಸಿ ಬರಿ."

ಈ ಕಥೆ ಓದುತ್ತಿರುವ ತಂಗಿ, ತಮ್ಮ, ನಿಮಗೂ ಮುಂದೆ ಓದುವ ಆಸೆ ಇದ್ದರೆ ಕೊನೆಯ ದಿನಾಂಕಕ್ಕೆ ಕಾಯಬೇಡಿ, ಇವತ್ತೇ ಒಬ್ಬರನ್ನು ಕೇಳಿ. ಕಟ್ಟಡದ ಚಿತ್ರ ನೋಡಿ ಮರುಳಾಗಬೇಡಿ, ಒಳಗೆ ಯಾರಿದ್ದಾರೆ ಎಂದು ವಿಚಾರಿಸಿ. ನಿಮ್ಮ ಕೆಲಸ ಕಣ್ಣಾರೆ ಕಂಡ ಶಿಕ್ಷಕರ ಬಳಿ ಪತ್ರ ಕೇಳಿ. ಮತ್ತೆ, ಓದು ನಿಂತುಹೋದ ಒಂದು ವರ್ಷ ನಿಮಗೂ ಇದ್ದರೆ ಅದನ್ನು ಅಳಿಸುವ ಮೊದಲು ಒಮ್ಮೆ ತಿರುಗಿ ನೋಡಿ. ನೀವು ಏನು ಓದಬೇಕು ಎಂಬುದು ಅಲ್ಲೇ ಇರಬಹುದು.

ಮನೆಯ ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ಮುಂದೇನು ಎಂದು ಮಕ್ಕಳನ್ನು ಕೇಳಿ. ಉತ್ತರ ಬರುವವರೆಗೆ ಅವರ ಪಕ್ಕದಲ್ಲೇ ಕೂತಿರಿ.