ಸತ್ಯವ್ವ ಕಟ್ಟಿದ ಪದ

ಇಪ್ಪತ್ತೊಂದು ಹಾಡುಗಳಲ್ಲಿ ಹದಿನಾಲ್ಕರಲ್ಲಿ ಯಾರೋ ಯಾರನ್ನೋ ಹೊಡೆಯುತ್ತಿದ್ದರು. ಗುರುಪಾದಪ್ಪ ಮಾಸ್ತರರು ಎರಡು ಸಲ ಎಣಿಸಿ ನೋಡಿದರು. ನಳದ ಸರದಿಗಾಗಿ ಕೊಡ ಎತ್ತಿ ತಲೆಗೆ ಬಡಿಯುವ ಹೆಂಗಸರು, ಕುಡಿದು ಬಂದು ಹೆಂಡತಿಯ ಬೆನ್ನ ಮೇಲೆ ಸೌದೆ ಮುರಿಯುವ ಗಂಡ, ಬಂದರಿನ ಗೇಟಿನಲ್ಲಿ ಹಮಾಲನ ಕೆನ್ನೆಗೆ ಬಾರಿಸುವ ವಾಚಮನ್. ಉಳಿದ ಏಳರಲ್ಲಿ ಒಂದು ಎಮ್ಮೆಯ ಮೇಲಿತ್ತು. ಆ ಎಮ್ಮೆಯನ್ನೂ ಕೊನೆಗೆ ಅದಿರಿನ ಲಾರಿಯೊಂದು ಗುದ್ದಿ ಕೆಡವುತ್ತಿತ್ತು.

ತಪ್ಪು ತಮ್ಮದೇ ಎಂದು ಮಾಸ್ತರರಿಗೆ ಅನಿಸಿತು. "ಗಿಳಿ, ಚಂದಪ್ಪ ಬ್ಯಾಡ. ನೀವು ಕಣ್ಣಾರೆ ಕಂಡದ್ದನ್ನ ಬರೀರಿ" ಎಂದು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದವರು ಅವರೇ. ಮಂಗೋರ್ ಹಿಲ್ ಮೇಲೆ ಹುಟ್ಟಿದ ಮಕ್ಕಳು ಕಣ್ಣಾರೆ ಮತ್ತೇನು ಕಾಣಬೇಕಿತ್ತು?

ಅದು ಸಾವಿರದ ಒಂಬೈನೂರ ಎಂಬತ್ತೆಂಟು. ಗಡಿಯಾಚೆಯ ವಾಸ್ಕೋ ಬಂದರಿನ ಆ ಗುಡ್ಡದ ಮೇಲೆ, ದುಡಿಯಲು ಬಂದವರ ಮಕ್ಕಳಿಗಾಗಿ, ತಗಡಿನ ಮಾಡಿನ ಎರಡು ಕೋಣೆಗಳಲ್ಲಿ ಕನ್ನಡ ಶಾಲೆ ನಡೆಯುತ್ತಿತ್ತು. ಮಕ್ಕಳು ತಾವೇ ಹಾಡು ಕಟ್ಟಿ ಕ್ಯಾಸೆಟ್ಟಿಗೆ ತುಂಬಬೇಕೆಂಬುದು ಮಾಸ್ತರರ ಹುಚ್ಚು. ಟೇಪ್ ರೆಕಾರ್ಡರನ್ನು ಇಮಾಮಹುಸೇನ ಕೊಟ್ಟಿದ್ದ. ಗುಡ್ಡದ ನಳದ ಎದುರಿಗೇ ಅವನ ಕ್ಯಾಸೆಟ್ ಅಂಗಡಿ. "ಮಾಸ್ತರ್ರ, ಹುಡುಗರು ಗುಂಡಿ ಒತ್ತಿ ಮುರದ್ರ ನಿಮ್ಮ ಕಿವಿ ಹಿಂಡತೇನಿ ನೋಡ್ರಿ" ಎಂದು ನಗುತ್ತಲೇ ಹೊತ್ತು ತಂದು ಮೇಜಿನ ಮೇಲಿಟ್ಟು ಹೋಗಿದ್ದ.

ಮಾಸ್ತರರ ತಂದೆ ಬೈಲಹೊಂಗಲದ ಕಡೆ ಲಾವಣಿ ಹಾಡಿಕೊಂಡು ತಿರುಗಿದವರು. ಮಗನಿಗೆ ಅವರು ಬಿಟ್ಟುಹೋದದ್ದು ಎರಡು ಕಟ್ಟಳೆ. ಮುಂದಿನವರು ಹಾಡಿದ ಪ್ರತಿ ಸಾಲನ್ನೂ ಹಿಮ್ಮೇಳದವರು ತಿರುಗಿ ಹಾಡಬೇಕು. ಕೊನೆಯ ನುಡಿಯಲ್ಲಿ ಪದ ಕಟ್ಟಿದವರ ಠಾವು, ಹೆಸರು ಬರಲೇಬೇಕು. "ಹೆಸರಿಲ್ಲದ ಪದ ಅಂದ್ರ ಯಾರದೋ ಬಾಗಲದಾಗ ಇಟ್ಟು ಓಡಿಹೋದ ಕೂಸಿದ್ದಂಗ" ಎಂದು ಮಾಸ್ತರರು ಮಕ್ಕಳಿಗೆ ಮತ್ತೆ ಮತ್ತೆ ಹೇಳಿದ್ದರು. ಮಕ್ಕಳು ಈ ಕಟ್ಟಳೆಯನ್ನು ಬಹಳ ಇಷ್ಟಪಟ್ಟರು. ಮುಂದಿನ ಸಾಲಿನಲ್ಲಿ ಕೂರುವ ಹೇಮಪ್ಪ ಎಂಬ ಪುಟಾಣಿ ತನ್ನ ಎಮ್ಮೆಯ ಪದದಲ್ಲಿ ತನ್ನ ಹೆಸರನ್ನು ನಾಲ್ಕು ಕಡೆ ತುರುಕಿದ್ದ.

"ಎಮ್ಮಿಗಿಂತ ನಿನ್ನ ಹೆಸರ ಜಾಸ್ತಿ ಐತಲ್ಲೋ!"

"ಎಮ್ಮಿ ಸತ್ತೈತ್ರಿ. ನಾ ಜೀವಂತ ಅದೇನಿ."

ಸತ್ಯವ್ವ ಮಾತ್ರ ಎಲ್ಲರ ಹಾಡು ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಹತ್ತು ವರ್ಷದ ಹುಡುಗಿ. ಅವಳ ಅಪ್ಪ ಹಣಮಪ್ಪ ಕಟ್ಟಡದ ಕೆಲಸದಲ್ಲಿ ಸಿಮೆಂಟು ಕಲಸುವವನು. ಅವಳು ತನ್ನ ಪಾಟಿಯನ್ನು ಎದೆಗೊತ್ತಿಕೊಂಡು ಬಂದು, ಯಾರಿಗೂ ತೋರಿಸದೆ ಮಾಸ್ತರರ ಮುಂದಿಟ್ಟಳು.

*ಪರಾಂಚಿ ಮ್ಯಾಲಿಂದ ಜಾರಿಲ್ಲ ಕಂಠೆಪ್ಪ*
*ಸಳಿಲೆ ಹೊಡದಾನ ರೂಪಲಪ್ಪ*
*ಅಪ್ಪ ನನ್ನ ಕಣ್ಣ ಮುಚ್ಚಿದ ಸಿಮೆಂಟಿನ ಕೈಲೆ*
*ಬೆರಳಿನ ಸಂದ್ಯಾಗ ನಾ ನೋಡೀನಿ*
*ಮಂಗೋರ ಗುಡ್ಡದ ನಾಕನೇ ಓಣಿಯ*
*ಹಣಮಪ್ಪನ ಮಗಳು ಸತ್ಯವ್ವ ನಾ*

ಮಾಸ್ತರರು ಇನ್ನೊಮ್ಮೆ ಓದಿದರು. ಕಂಠೆಪ್ಪ ಸತ್ತು ಎರಡು ತಿಂಗಳಾಗಿತ್ತು. ಹೊಸ ಕಟ್ಟಡದ ಎರಡನೇ ಮಹಡಿಗೆ ಕಟ್ಟಿದ್ದ ಬಿದಿರಿನ ಸಾರುವೆ, ಪರಾಂಚಿಯ ಮೇಲಿಂದ ಜಾರಿ ಬಿದ್ದ ಎಂದು ಗುಡ್ಡದಲ್ಲಿ ಎಲ್ಲರೂ ಹೇಳುತ್ತಿದ್ದರು. ಪೊಲೀಸರೂ ಹಾಗೆಯೇ ಬರೆದುಕೊಂಡು ಹೋಗಿದ್ದರು. ರೂಪಲಪ್ಪ ಅಲ್ಲಿನ ಮುಕಾದಮ. ಆಳುಗಳನ್ನು ಊರಿಂದ ಕರೆತರುವವನು, ಕೆಲಸಕ್ಕೆ ಹಚ್ಚುವವನು, ಬೇಡವಾದರೆ ಓಡಿಸುವವನು ಅವನೇ.

"ಇದನ್ನ ಯಾರ ಹೇಳಿದರವ್ವಾ ನಿನಗ?"

"ಯಾರೂ ಹೇಳಿಲ್ರಿ. ಅಪ್ಪಗ ಬುತ್ತಿ ಕೊಡಾಕ ಹೋಗಿದ್ದೆ. ಆ ಬಿದಿರು ಮುರಿದೈತಿ, ನಾ ಏರಂಗಿಲ್ಲ ಅಂದಾನ್ರಿ ಕಂಠೆಪ್ಪ ಕಾಕಾ. ಅಷ್ಟಕ್ಕ ಹೊಡದ್ರು. ಆಮ್ಯಾಲೆ ಎತ್ತಿ ಪರಾಂಚಿ ಬುಡಕ ಒಗದ್ರು."

ಅಂದು ಮಾಸ್ತರರು ಊಟ ಮಾಡಲಿಲ್ಲ. ಈ ಪದವನ್ನು ಕ್ಯಾಸೆಟ್ಟಿಗೆ ತುಂಬಿಸಬಾರದು ಎಂದುಕೊಂಡರು. ಕಂಡದ್ದನ್ನು ಬರೆ ಎಂದು ಹೇಳಿ, ಬರೆದ ಮೇಲೆ ಬಾಯಿ ಮುಚ್ಚಿಸಿದರೆ ತಾವೆಂಥ ಮಾಸ್ತರ ಎಂದೂ ಅನಿಸಿತು. ಮರುದಿನ ಪಾಟಿಯ ಮೇಲೆ ರೂಪಲಪ್ಪ ಎಂಬ ಹೆಸರನ್ನು ಬೆರಳಿನಿಂದ ಅಳಿಸಿ, 'ಮುಕಾದಮಪ್ಪ' ಎಂದು ತಿದ್ದಿದರು. ಗುಡ್ಡದಲ್ಲಿ ಮುಕಾದಮರು ಹತ್ತಾರು ಮಂದಿ, ಯಾರೆಂದು ಗೊತ್ತಾಗುವುದಿಲ್ಲ. ಅವರ ಮನಸ್ಸು ಹಗುರಾಯಿತು. ಕೊನೆಯ ಎರಡು ಸಾಲಿನ ಮೇಲೂ ಬೆರಳು ಆಡಿತು. ಆದರೆ ಹೆಸರಿಲ್ಲದ ಪದವಿಲ್ಲ ಎಂದು ಕಲಿತ ಕೈ ಅದನ್ನು ಅಳಿಸಲಿಲ್ಲ. ಹೊಡೆದವನ ಹೆಸರು ಹೋಯಿತು, ಕಂಡವಳ ಹೆಸರೂ ಓಣಿಯೂ ಉಳಿದವು.

ಮಕ್ಕಳು ಒಂದು ತಿಂಗಳು ಆ ಪದವನ್ನು ಅಭ್ಯಾಸ ಮಾಡಿದರು. ಎಲ್ಲಕ್ಕಿಂತ ಅದರ ಧಾಟಿಯೇ ಬಾಯಿಗೆ ಸರಿಯಾಗಿ ಕೂತಿತ್ತು. ಸತ್ಯವ್ವ ಒಂದು ಸಾಲು ಹಾಡುವುದು, ಇಪ್ಪತ್ತೊಂದು ಮಕ್ಕಳು ತಿರುಗಿ ಹಾಡುವುದು. ಒಂದು ಗುರುವಾರ ಎಲ್ಲ ಹಾಡುಗಳನ್ನೂ ತುಂಬಿಸಿ, ಮಾಸ್ತರರು ಕ್ಯಾಸೆಟ್ಟನ್ನು ಪ್ರತಿ ಮಾಡಲೆಂದು ಇಮಾಮಹುಸೇನನಿಗೆ ಕೊಟ್ಟರು.

ಶನಿವಾರ ಮುಂಜಾನೆ ಅವನು ಅಭಿಮಾನದಿಂದ ಅದನ್ನು ಅಂಗಡಿಯ ದೊಡ್ಡ ಸ್ಪೀಕರಿಗೆ ಹಚ್ಚಿದ. "ಕೇಳ್ರೆವ್ವಾ, ನಿಮ್ಮ ಮಕ್ಕಳ ಪದ!" ನೀರು ಬಿಡುವ ಹೊತ್ತು. ನಳದ ಮುಂದೆ ಐವತ್ತು ಹೆಂಗಸರು ನಿಂತಿದ್ದರು. ಅವರಲ್ಲಿ ಕಂಠೆಪ್ಪನ ಹೆಂಡತಿ ಮುರುಗೆವ್ವನೂ ಇದ್ದಳು.

ಎಮ್ಮೆಯ ಪದಕ್ಕೆ ಎಲ್ಲರೂ ನಕ್ಕರು. ಸತ್ಯವ್ವನ ಪದ ಬಂದಾಗ ಮೊದಲ ಸಾಲಿಗೇ ಸದ್ದು ಅಡಗಿತು. ಮುರುಗೆವ್ವ ಇಡೀ ಪದ ಕೇಳಿದಳು. "ಇನ್ನೊಮ್ಮೆ ಹಚ್ಚೋ ಹುಸೇನಾ" ಎಂದಳು. ಇನ್ನೊಮ್ಮೆ ಕೇಳಿದಳು. ಗಂಡ ಕೆಲಸ ಮಾಡಿದ್ದು ಯಾವ ಮುಕಾದಮನ ಕೈಕೆಳಗೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ತುಂಬಿದ ಹಿತ್ತಾಳೆಯ ಕೊಡವನ್ನು ಚೆಲ್ಲಿ, ಖಾಲಿ ಕೊಡದ ಕಂಠ ಹಿಡಿದು ಇಳಿಜಾರಿನಲ್ಲಿ ನಡೆದಳು.

ರೂಪಲಪ್ಪ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಬಶಿಯಲ್ಲಿ ಚಹಾ ಊದುತ್ತಿದ್ದ. ಮೊದಲ ಏಟಿಗೆ ಬಶಿ ಒಡೆದು ಅವನ ತುಟಿ ಸೀಳಿತು. ಎರಡನೆಯದು ಹುಬ್ಬಿನ ಮೇಲೆ ಬಿತ್ತು. "ಜಾರಿ ಬಿದ್ನೇನೋ ನನ್ನ ಗಂಡ? ಹೇಳೋ ಭಾಡ್ಯಾ, ಜಾರಿ ಬಿದ್ನ?" ನಾಲ್ವರು ಅವಳನ್ನು ಎಳೆದು ಹಿಡಿದಾಗ ಅವಳು ಕೂಗಿದ ಮಾತೇ ಎಲ್ಲಕ್ಕಿಂತ ಕೆಟ್ಟದ್ದಾಯಿತು. "ಹಣಮಪ್ಪನ ಮಗಳು ನೋಡ್ಯಾಳ! ನಾಕನೇ ಓಣಿ ಸತ್ಯವ್ವ ನೋಡ್ಯಾಳ!"

ಇಮಾಮಹುಸೇನ ಓಡುತ್ತ ಶಾಲೆಗೆ ಬಂದ. ಅವನ ಅಂಗಿ ಹರಿದಿತ್ತು, ಒಂದು ಕಿವಿಯಿಂದ ರಕ್ತ ಸೋರುತ್ತಿತ್ತು. "ಮಾಸ್ತರ್ರ, ಅಂಗಡಿ ಪುಡಿ ಮಾಡಿದ್ರು. ಇತ್ಲಾಗ ಬರಾಕತ್ತಾರ. ಆ ಹುಡುಗಿನ್ನ ಎಲ್ಲಿಗಾರ ಕಳಸ್ರಿ!"

ಕಳಿಸಲು ಸಮಯವಿರಲಿಲ್ಲ. ಕೋಣೆಗೆ ಇದ್ದದ್ದು ಒಂದೇ ಬಾಗಿಲು. ರೂಪಲಪ್ಪ ಹುಬ್ಬಿಗೆ ಟವೆಲು ಕಟ್ಟಿಕೊಂಡು ಒಳಗೆ ಬಂದ. ಜೊತೆಗೆ ಕಬ್ಬಿಣದ ಸಳಿ ಹಿಡಿದ ಇಬ್ಬರು ಆಳುಗಳು. ಅವರ ನಡುವೆ, ಸಿಮೆಂಟು ಮೆತ್ತಿದ ಕೈಗಳನ್ನು ಜೋತುಬಿಟ್ಟುಕೊಂಡು, ಸತ್ಯವ್ವನ ಅಪ್ಪ ಹಣಮಪ್ಪ. ಆಳುಗಳು ಇಮಾಮಹುಸೇನನನ್ನು ಹೊರಗೆ ದಬ್ಬಿ ಬಾಗಿಲಿಗೆ ಅಗಳಿ ಹಾಕಿದರು.

"ಇದನ್ನೆಲ್ಲ ನಾನು ಬರೆಸಿದ್ದು. ಮಕ್ಕಳದೇನೂ..." ಎಂದು ಮಾಸ್ತರರು ಶುರುಮಾಡಿದರು. ರೂಪಲಪ್ಪ ಬಾರಿಸಿದ ಏಟಿಗೆ ಅವರ ಕನ್ನಡಕ ಹಾರಿತು. ಸಳಿಯೊಂದು ಅವರ ಎಡ ಮಣಿಕಟ್ಟಿನ ಮೇಲೆ ಬಿತ್ತು. ಮುರಿದ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಮಕ್ಕಳು ಚೀರಿದರು.

"ಸುಮ್ಮ ಕೂಡ್ರಿ ಎಲ್ಲಾರು!" ರೂಪಲಪ್ಪ ಟೇಪ್ ರೆಕಾರ್ಡರನ್ನು ಮಾಸ್ತರರ ಮುಂದೆ ನೂಕಿದ. "ಚಂದ ಹಾಡು ಕಲಿಸೀರಿ. ಈಗ ತಿದ್ದಿ ತುಂಬ್ರಿ. ಜಾರಿ ಬಿದ್ದ ಅಂತ ಹಾಡಲಿ. ಅದನ್ನ ನಾನೇ ನಳದ ಮುಂದ ಹಚ್ಚತೇನಿ. ಮಂದಿ ಕೇಳಲಿ."

ಮಾಸ್ತರರು ಬಲಗೈಯಿಂದ ಗುಂಡಿ ಒತ್ತಿದರು. ಒತ್ತಿದ್ದಕ್ಕೆ ಅವರು ತಮ್ಮನ್ನು ಬಹಳ ವರ್ಷ ಕ್ಷಮಿಸಿಕೊಳ್ಳಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವರಿಗೆ ಬೇಕಿದ್ದದ್ದು ಒಂದೇ, ಹುಡುಗಿ ಜೀವಂತವಾಗಿ ಆ ಬಾಗಿಲು ದಾಟಬೇಕು.

ಸತ್ಯವ್ವ ಅಪ್ಪನ ಮುಖ ನೋಡಿದಳು. ಹಣಮಪ್ಪ ನೆಲ ನೋಡುತ್ತಿದ್ದ. "ಹಾಡವ್ವ" ಎಂದ. "ಅವರು ಹೇಳಿದಂಗ ಹಾಡು."

ಅವಳು ಹಾಡಿದಳು:

*ಪರಾಂಚಿ ಮ್ಯಾಲಿಂದ ಜಾರ್ಯಾನ ಕಂಠೆಪ್ಪ...*

ಇಪ್ಪತ್ತೊಂದು ಮಕ್ಕಳೂ ಹೆದರಿದ್ದರು. ಆದರೆ ಒಂದು ತಿಂಗಳು ತಿದ್ದಿದ ನಾಲಗೆ. ಮುಂದಿನವಳ ದನಿ ನಿಂತೊಡನೆ ಅದು ತನ್ನಷ್ಟಕ್ಕೆ ತಾನೇ ಎದ್ದಿತು:

*ಪರಾಂಚಿ ಮ್ಯಾಲಿಂದ ಜಾರಿಲ್ಲ ಕಂಠೆಪ್ಪ!*

ಕ್ಯಾಸೆಟ್ಟು ತಿರುಗುತ್ತಲೇ ಇತ್ತು.

"ಇನ್ನೊಮ್ಮೆ" ಎಂದ ರೂಪಲಪ್ಪ, ಹಲ್ಲು ಕಚ್ಚಿ.

ಅವಳು ಇನ್ನೊಮ್ಮೆ ಜಾರಿಸಿದಳು. ಮಕ್ಕಳು ಇನ್ನೊಮ್ಮೆ ಜಾರಿಲ್ಲ ಎಂದರು. ಕೆಲವರು ನಡುವೆ ಬಾಯಿ ಮುಚ್ಚಿಕೊಂಡರು. ಹೇಮಪ್ಪ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ, ಹೆದರಿಕೆಗೆ ಎಲ್ಲರಿಗಿಂತ ಜೋರಾಗಿ, ಹಾಡಿ ಮುಗಿಸಿಯೇಬಿಟ್ಟ. ರೂಪಲಪ್ಪ ಅವನ ಹೊಟ್ಟೆಗೆ ಒದ್ದ. ಹುಡುಗ ಗೋಡೆಗೆ ಬಡಿದು, ವಾಂತಿ ಮಾಡಿಕೊಂಡು ಮಡಚಿ ಬಿದ್ದ. ರೂಪಲಪ್ಪ ಆಳಿನ ಕೈಯಿಂದ ಸಳಿ ಕಸಿದುಕೊಂಡು, ಸತ್ಯವ್ವನ ಜಡೆ ಹಿಡಿದು ಎಳೆದ. ಮೊದಲ ಏಟು ಅವಳ ಹೆಗಲಿಗೆ ಬಿತ್ತು. ಅವಳಿಗೆ ಅಳಲು ಉಸಿರೇ ಬರಲಿಲ್ಲ.

ಎರಡನೆಯ ಏಟು ಹಣಮಪ್ಪನ ಮೊಳಕೈಗೆ ಬಿತ್ತು.

ಅವನು ಯಾವಾಗ ನಡುವೆ ಬಂದನೋ ಮಾಸ್ತರರಿಗೆ ಕಾಣಲಿಲ್ಲ. ಅವನು ರೂಪಲಪ್ಪನ ಕೊರಳಿಗೆ ಬಿದ್ದ. ಇಬ್ಬರೂ ಮಕ್ಕಳ ಪಾಟಿಗಳ ಮೇಲೆ ಉರುಳಿದರು. ಆಳುಗಳು ಹಣಮಪ್ಪನ ಬೆನ್ನು, ದವಡೆ, ಸಿಕ್ಕಿದಲ್ಲಿ ಬಡಿದರು. ಅವನು ಕೈ ಬಿಡಲಿಲ್ಲ. ಜೀವಮಾನದಲ್ಲಿ ಮಕ್ಕಳಿಗೂ ಛಡಿ ಎತ್ತದ ಮಾಸ್ತರರು ಒಂದೇ ಕೈಯಲ್ಲಿ ಟೇಪ್ ರೆಕಾರ್ಡರನ್ನೆತ್ತಿ ಹತ್ತಿರದ ಆಳಿನ ತಲೆಗೆ ಹೊಡೆದರು. ಅದು ಎರಡು ಹೋಳಾಯಿತು. ಆಳು ಕುಸಿದ.

ಅಷ್ಟರಲ್ಲಿ ಬಾಗಿಲಿನ ಅಗಳಿ ಕಿತ್ತು ಬಂತು. ಇಮಾಮಹುಸೇನ ಕರೆತಂದ ನಳದ ಹೆಂಗಸರು, ಮುಂದೆ ಮುರುಗೆವ್ವ. ಇನ್ನೊಬ್ಬ ಆಳು ಹೆಂಗಸರ ನಡುವೆ ನುಸುಳಿ ಓಡಿದ. ರೂಪಲಪ್ಪನಿಗೆ ಏಳಲು ಆಗಲಿಲ್ಲ. ಕೊಡಗಳು, ಚಪ್ಪಲಿಗಳು, ಅವನದೇ ಸಳಿ. ಅವನು "ಅವ್ವಾ" ಎಂದು ಕೂಗಿದ. ಮಕ್ಕಳು ಗೋಡೆಗೆ ಒತ್ತಿ ನಿಂತು ನೋಡುತ್ತಿದ್ದರು. ಸಾಕು, ನಿಲ್ಲಿಸಿ ಎನ್ನಬೇಕೆಂದು ಮಾಸ್ತರರಿಗೆ ಗೊತ್ತಿತ್ತು. ಆ ಮಾತು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಯಾಕೆ ಹಿಡಿಯಿತೆಂದೂ ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಪೊಲೀಸ್ ಠಾಣೆಯ ಜಗುಲಿ ಗುಡ್ಡದವರಿಂದ ತುಂಬಿತ್ತು. ರೂಪಲಪ್ಪನನ್ನೂ ಹೇಮಪ್ಪನನ್ನೂ ಆಸ್ಪತ್ರೆಗೆ ಒಯ್ದಿದ್ದರು. ಹುಡುಗ ಉಳಿಯುತ್ತಾನೆಂದು ಡಾಕ್ಟರು ಹೇಳಿ ಕಳಿಸಿದ್ದರು. ಫೌಜದಾರನಿಗೆ ಕನ್ನಡ ಬಾರದು. ಮಾಸ್ತರರು ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡು ಹಿಂದಿಯಲ್ಲಿ ತಿಳಿಸಿ ಹೇಳುತ್ತಿದ್ದರು.

"ಹೊಡೆದಾಟದ್ದು ಆಮೇಲೆ" ಎಂದ ಫೌಜದಾರ. "ಮೂರು ತಿಂಗಳ ಹಿಂದಿನದು ಹೇಳಿ. ಕಂಠೆಪ್ಪನನ್ನು ಹೊಡೆದದ್ದನ್ನು ನೋಡಿದವರು ಯಾರು?"

ಮಾಸ್ತರರು ಅದನ್ನು ಕನ್ನಡದಲ್ಲಿ ಹೇಳಿದರು. ಎಲ್ಲರ ಕಣ್ಣೂ ಸತ್ಯವ್ವನ ಕಡೆ ತಿರುಗಿತು. ಫೌಜದಾರ ಲೇಖಣಿ ಬಿಚ್ಚಿ ಹುಡುಗಿಯ ಕಡೆ ಬಾಗಿದ. ಇನ್ನು ಇವಳ ಹೆಸರು ಕಾಗದಕ್ಕೆ ಹೋಗುತ್ತದೆ, ಕೋರ್ಟಿಗೆ ಹೋಗುತ್ತದೆ, ರೂಪಲಪ್ಪನಿಗೆ ಬೇಕಾದವರ ಮನೆಮನೆಗೂ ಹೋಗುತ್ತದೆ ಎಂದು ಮಾಸ್ತರರಿಗೆ ಹೊಳೆಯಿತು.

"ಆಕಿನ್ನ ಕೇಳಬ್ಯಾಡ್ರಿ" ಎಂದ ಹಣಮಪ್ಪ.

ಅವನ ದವಡೆ ಊದಿ ಮಾತು ತೊದಲುತ್ತಿತ್ತು. ಗೋಡೆಗೆ ಆತು ಎದ್ದು ನಿಂತು, ಮಗಳನ್ನು ಹಿಂದಕ್ಕೆ ಸರಿಸಿದ.

"ಸಣ್ಣಾಕಿ ಅದಾಳ, ಏನರ ಅಂತಾಳ. ಬರಕೋಳ್ರಿ ಸಾಹೇಬ್ರ. ಎರಡು ಮಾರು ದೂರದಾಗ ನಿಂತಿದ್ದೆ ನಾನು. ರೂಪಲಪ್ಪನ ಸಳಿಲೆ ನಾಕ ಪೆಟ್ಟು ಬಿದ್ದಾವು."

ಮುರುಗೆವ್ವ ನೆಲದ ಮೇಲೆ ಕೂತೇ ಇದ್ದಳು. "ಮೂರು ತಿಂಗಳು ನನ್ನ ಮಾರಿ ನೋಡಿಕೋತ ತಿರಗ್ಯಾಡಿದೆಲ್ಲೋ ಹಣಮ್ಯಾ" ಎಂದಳು. ಹಣಮಪ್ಪ ಫೌಜದಾರನ ಕಡೆಗೇ ತಿರುಗಿ ನಿಂತ.

"ಮೊದಲನೇದು ಮೊಣಕಾಲಿಗೆ" ಎಂದ.

ಮಾಸ್ತರರು ಅದನ್ನು ಹಿಂದಿಯಲ್ಲಿ ಹೇಳಿದರು. ಫೌಜದಾರ ಬರೆದುಕೊಂಡ.

"ಎರಡನೇದು ಬೆನ್ನಿಗೆ. ಆಗ ಅಂವಾ ಕೆಳಗ ಕುಂತ."

ಮಾಸ್ತರರು ಹೇಳಿದರು.

"ಮೂರನೇದು ತಲಿಗೆ. ಅಷ್ಟಕ್ಕ ಅಂವಾ ಸತ್ತಿದ್ದಿಲ್ರಿ. ನನ್ನ ಹೆಸರ ಹಿಡದು ಕರದಾ."

ಮಾಸ್ತರರು ಬಾಯಿ ತೆರೆದರು. ಹಿಂದಿಯ ಮಾತುಗಳು ಸಿಗಲಿಲ್ಲ. ಫೌಜದಾರ ಲೇಖಣಿ ಎತ್ತಿ ಹಿಡಿದು ಕಾಯುತ್ತಿದ್ದ. ಹಣಮಪ್ಪ ಅವರ ಮುಖವನ್ನೇ ನೋಡುತ್ತ, "ಹೇಳ್ರಿ ಮಾಸ್ತರ್ರ" ಎಂದ, "ಇನ್ನೊಂದೈತಿ."